ರವಿಕೆ ಚೀಟಿಯಲ್ಲಿ ಬರೆದ ಮನೆ

ಮದ್ದೂರಲ್ಲಿ ನನ್ನದೊಂದು ಪುಟ್ಟ ಅಂಗಡಿ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಬಂದವರು ಕೂರೋಕೆ ಒಂದು ಬೆಂಚು. ಮನೆ ಕಟ್ಟೋರಿಗೆ, ಇರೋ ಮನೆಗೆ ಏನಾದರೂ ಸೇರಿಸೋರಿಗೆ ನಕ್ಷೆ ಬರೆದು, ಆನ್‌ಲೈನಲ್ಲಿ ಅರ್ಜಿ ಹಾಕಿ, ಪರವಾನಗಿ ಕೈಗೆ ಬರೋ ತನಕ ಅದರ ಹಿಂದೆ ಬೀಳೋದು ನನ್ನ ಕಸುಬು. ಈ ಕಸುಬಲ್ಲಿ ವಾರಕ್ಕೊಂದಾದರೂ ನಗೋ ಸಂಗತಿ ಗ್ಯಾರಂಟಿ, ಯಾಕೆಂದರೆ ನಮ್ಮ ಕಡೆ ಮೊದಲು ಕಟ್ಟುತ್ತಾರೆ, ಆಮೇಲೆ ನಕ್ಷೆ ಕೇಳೋಕೆ ಬರುತ್ತಾರೆ.

ಮೊನ್ನೆ ಒಬ್ಬರು ಬಂದು ಮಹಡಿ ಮೇಲೆ ಎರಡು ರೂಮಿಗೆ ನಕ್ಷೆ ಬೇಕು ಅಂದರು. ಕೆಲಸ ಯಾವಾಗ ಶುರು ಮಾಡ್ತೀರಿ ಅಂತ ಕೇಳಿದೆ. ಚೀಲದಿಂದ ಗೃಹಪ್ರವೇಶದ ಕಾರ್ಡು ತೆಗೆದುಕೊಟ್ಟು, ಸೋಮವಾರ ಮನೆಯವರನ್ನೂ ಕರ್ಕೊಂಡು ಬನ್ನಿ ಅಂದರು. ನನಗೆ ಮೂಗಿನ ತುದೀಲೇ ಕೋಪ. ಬೈಯೋಣ ಅಂತ ಬಾಯಿ ತೆಗೆದೆ. ಕಾರ್ಡಿನ ಹಿಂಭಾಗದಲ್ಲಿ ಪೆನ್ನಲ್ಲಿ ಮಂಗಳವಾರ ಬಾಡೂಟ ಅಂತ ಬರೆದಿತ್ತು. ಬಾಯಿ ಮುಚ್ಚಿಕೊಂಡು ಕಾರ್ಡು ಜೇಬಿಗಿಟ್ಟೆ.

ಇಂಥವರನ್ನೆಲ್ಲ ನೋಡಿ ನೋಡಿ, ಈ ಜನಕ್ಕೆ ಕಾನೂನು ಹೇಳಿಕೊಡೋಕೆ ನಾನೇ ಹುಟ್ಟಬೇಕಾಯಿತು ಅನ್ನೋ ಜಂಬ ನನಗೆ ಬಂದುಬಿಟ್ಟಿತ್ತು. ಅದನ್ನು ಇಳಿಸಿದವರು ಮಳವಳ್ಳಿಯ ಒಬ್ಬ ಹೊಲಿಗೆ ಅಮ್ಮ.

ಕತ್ತು ನಲವತ್ತೆರಡು ಇಂಚು

ಬಸ್ಸಿಳಿದು ಸೀದಾ ಅಂಗಡಿಗೇ ಬಂದಿದ್ದರು. ವಯಸ್ಸು ಐವತ್ತೈದರ ಹತ್ತಿರ. ಬಟ್ಟೆ ಅಳೆಯೋ ಟೇಪನ್ನ ತೆಗೆದಿಡೋದು ಮರೆತು, ಕೊರಳಲ್ಲೇ ಹಾಕ್ಕೊಂಡು ಮಳವಳ್ಳಿಯಿಂದ ಮದ್ದೂರಿಗೆ ಬಂದಿದ್ದರು. ಮನೇಲೇ ರವಿಕೆ ಹೊಲಿಯೋ ಕೆಲಸ. ಮನೆ ಅಳತೆ ಇದೆಯಾ ಅಂತ ಕೇಳಿದೆ. ಇದೆ ಅಂತ ಒಂದು ಚೀಟಿ ಕೊಟ್ಟರು. ಅದು ರವಿಕೆ ಅಳತೆ ಬರೆಯೋ ಚೀಟಿ. ಉದ್ದ ನಾನೂರ ಎಂಬತ್ತು. ಸುತ್ತಳತೆ ಸಾವಿರದ ಐನೂರ ಮೂವತ್ತಾರು. ತೋಳು ನೂರಿಪ್ಪತ್ತು. ಕತ್ತು ನಲವತ್ತೆರಡು.

ಕತ್ತು ಅಂದರೆ ಯಾವುದು ಅಂದೆ. ಮುಂಬಾಗಿಲು ಅಂದರು. ತೋಳು ಅಂದರೆ ಪಕ್ಕದ ರೂಮು. ಎಲ್ಲಾ ಇಂಚಲ್ಲಿ. ನಾನು ಅಂಗಡಿ ಅದುರೋ ಹಂಗೆ ನಕ್ಕೆ.

ಅವರು ನಗಲಿಲ್ಲ. ನನ್ನ ನಗು ಮುಗಿದ ಮೇಲೆ ವಿಷಯ ಹೇಳಿದರು. ಯಜಮಾನರು ಪ್ರೈವೇಟ್ ಬಸ್ ಡ್ರೈವರು. ಬಚ್ಚಲು, ಕಕ್ಕಸು ಎರಡೂ ಹಿತ್ತಲಲ್ಲಿ, ನಾಲ್ಕು ಮೆಟ್ಟಿಲು ಇಳಿದು ಹೋಗಬೇಕು. ಆ ಮೆಟ್ಟಿಲ ಮೇಲೆ ಜಾರಿ ತೊಡೆ ಮೂಳೆ ಮುರಿದು, ರಾಡ್ ಹಾಕಿಸಿಕೊಂಡು ಮಂಡ್ಯದ ಆಸ್ಪತ್ರೇಲಿ ಮಲಗಿದ್ದಾರೆ. ಮನೆಗೆ ಬರೋಕೆ ಇನ್ನು ಮೂರು ವಾರ. ಬಂದ ಮೇಲೂ ತಿಂಗಳುಗಟ್ಟಲೆ ಮೆಟ್ಟಿಲು ಇಳಿಯೋ ಹಂಗಿಲ್ಲ. ಅದಕ್ಕಿಂತ ದೊಡ್ಡ ಕಷ್ಟ ಅಂದರೆ ಯಜಮಾನರು ವಿಪರೀತ ನಾಚಿಕೆಯ ಮನುಷ್ಯ. ಮಲಗಿದಲ್ಲೇ ಬೆಡ್‌ಪ್ಯಾನ್ ಕೇಳೋಕೆ ನಾಚಿಕೊಂಡು ನೀರು ಕುಡಿಯೋದನ್ನೇ ಬಿಟ್ಟಿದ್ದಾರೆ. ಡಾಕ್ಟರು ಬೈದರೂ ಕೇಳಲ್ಲ.

"ತುಟಿ ಎಲ್ಲಾ ಒಡ್ದೋಗವೆ ಕಣಪ್ಪ. ಲೋಟ ಇಡುದ್ರೆ ಮೊಕ ತಿರಿಗಿಸ್ಕತಾರೆ. ಅವರು ಮನೆಗ್ ಬರೋದ್ರೊಳಗೆ ಮಂಚದಿಂದ ಐದೆಜ್ಜೇಲಿ ಒಂದು ಬಚ್ಚಲು ಆಗ್ಬೇಕು."

ಮನೆ ಪಕ್ಕ ಮೂರಡಿ ಸಂದಿ ಇದೆ, ಅಲ್ಲಿ ಕಟ್ಟಿಬಿಡೋಣ ಅನ್ನೋದು ಅವರ ಲೆಕ್ಕ. ನನ್ನ ನಗು ಇಂಗಿಹೋಗಿತ್ತು. ಆದರೂ ಕಾನೂನು ಕಾನೂನೇ. ಗಾಳಿ ಬೆಳಕಿಗೆ ಅಂತ ಮನೆ ಸುತ್ತ ಜಾಗ ಬಿಡಲೇಬೇಕು, ಅದರಲ್ಲಿ ಗೋಡೆ ಎಬ್ಬಿಸೋ ಹಂಗಿಲ್ಲ ಅಂತ ವಿವರಿಸಿದೆ. ಎಲ್ಲಾ ಕೇಳಿಸಿಕೊಂಡರು. ರವಿಕೆ ಹೊಲಿಗೆ ಒಳಗೂ ಒಂದಿಂಚು ಬಟ್ಟೆ ಬಿಟ್ಟಿರ್ತೀವಿ, ಮೈ ಬಂದಾಗ ಬಿಚ್ಚೋಕೆ ಅಂತಲೇ ಅದನ್ನ ಬಿಡೋದು, ಈಗ ನಮ್ಮ ಮನೆ ಬಿಗಿ ಆಗಿದೆ, ಬಿಚ್ಚು ಮತ್ತೆ ಅಂದರು.

ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಹೀಗೆ ಕಟ್ಟಿಹಾಕಿರಲಿಲ್ಲ. ಎರಡು ಟೀ ತರಿಸಿದೆ.

ಮಾತು ಬಿಟ್ಟವರ ಮನೆಗಳು

ಟೀ ಕುಡೀತಾ, ಸಂದಿ ಬಿಡೋದು ಎಷ್ಟು ಮುಖ್ಯ ಅಂತ ತಿಳಿಸೋಕೆ ಮಂಡ್ಯದ ಅಣ್ಣತಮ್ಮಂದಿರ ಕತೆ ಹೇಳಿದೆ.

ಭಾಗ ಆದಾಗ ಜಗಳ ಆಗಿ ಇಬ್ಬರೂ ಮಾತು ಬಿಟ್ಟಿದ್ದರು. ಸೈಟು ಮಾತ್ರ ಅಕ್ಕಪಕ್ಕ. ನನ್ನ ಹತ್ತಿರ ನಕ್ಷೆ ಬರೆಸೋಕೆ ಅಣ್ಣ ಬೆಳಿಗ್ಗೆ ಬಂದರೆ ತಮ್ಮ ಊಟ ಆದ ಮೇಲೆ ಬರೋನು. ಇಬ್ಬರದೂ ಒಂದೇ ಬೇಡಿಕೆ, ನನ್ನ ಗೋಡೆ ಅವನ ಗೋಡೆ ಹತ್ತಿರಕ್ಕೂ ಹೋಗಬಾರದು. ಅಣ್ಣ ಮೂರಡಿ ಬಿಟ್ಟ. ತಮ್ಮ, ಅವನ ಮನೆ ನೆರಳೂ ನನಗೆ ಬೇಡ ಅಂತ ನಾಲ್ಕಡಿ ಬಿಟ್ಟ. ಆ ಬೀದೀಲಿ ಮಿಕ್ಕವರೆಲ್ಲ ಸಂದಿ ನುಂಗಿ, ಸಜ್ಜಾಗೆ ಸಜ್ಜಾ ತಾಗಿಸಿಕೊಂಡು ಕೂತಿದ್ದರೆ ಇವೆರಡು ಮನೆ ಮಾತ್ರ ನಕ್ಷೆಯಲ್ಲಿ ಬರೆದ ಹಂಗೇ ನಿಂತಿದ್ದವು. ಜಾಗ ಹೇಗೆ ಬಿಡಬೇಕು ಅಂತ ಯಾರಾದರೂ ಕೇಳಿದರೆ ನಾನು ಅಲ್ಲಿಗೇ ಕರ್ಕೊಂಡು ಹೋಗಿ ತೋರಿಸ್ತಿದ್ದೆ.

ಎಂಟು ವರ್ಷ ಹಿಂಗೇ ನಡೀತು. ಅಣ್ಣನ ಮಗಳ ಮದುವೇಲಿ ನೆಂಟರೆಲ್ಲ ಸೇರಿ ರಾಜಿ ಮಾಡಿಸಿದರು. ಇಬ್ಬರೂ ತಬ್ಬಿಕೊಂಡು ಅತ್ತರಂತೆ. ಮುಂದಿನ ವಾರ ಮೊದಲ ಸಲ ಜೊತೇಲಿ ಅಂಗಡಿಗೆ ಬಂದು ಒಂದೇ ಬೆಂಚಲ್ಲಿ ಕೂತರು. ನನಗೂ ಸಂತೋಷ ಆಯಿತು. ಅಣ್ಣ ಹೇಳಿದ, ಇನ್ನು ನಮ್ಮಲ್ಲಿ ಭೇದ ಇಲ್ಲ, ಆ ಸಂದಿ ಮೇಲೆ ಶೀಟ್ ಹೊಡೆದು ಎರಡೂ ಮನೆ ಒಂದು ಮಾಡೋಕೆ ನಕ್ಷೆ ಬರೆದುಕೊಡಿ ಅಂತ. ಅಪ್ಪಾ, ಪುಣ್ಯಾತ್ಮರಾ, ಇನ್ನೊಂದು ಹತ್ತು ವರ್ಷ ಜಗಳ ಆಡಿಕೊಂಡಿರಿ ಅಂತ ನಾನು ಕೈಮುಗಿದೆ.

ಹೊಲಿಗೆ ಅಮ್ಮ ಲೋಟ ಕೆಳಗಿಟ್ಟರು.

"ಪಕ್ಕದ ಮನೆಯೋರ ಜೊತೆ ನಾನೂ ಎರಡು ವರ್ಸದಿಂದ ಮಾತು ಬಿಟ್ಟಿವ್ನಿ. ಅಂಗಾರೆ ಕಾನೂನು ನನ್ ಕಡೇಗೆ ಅದೆ ಅನ್ನು. ನಾಳೆ ಬಂದು ಅಳತೆ ಮಾಡು."

ಪಕ್ಕದ ಮನೆ ಕಿಟಕಿ

ಮಾರನೇ ದಿನ ಮಳವಳ್ಳಿಗೆ ಹೋದೆ. ಗಾಡಿ ನಿಲ್ಲಿಸೋ ಹೊತ್ತಿಗೇ ಪಕ್ಕದ ಮನೆ ಯಜಮಾನರು ತಾರಸಿ ಮೇಲೆ ಹಾಜರ್. ರಿಟೈರಾದ ಗುಮಾಸ್ತರು. ಬೀದಿ ದೀಪದ ಮೇಲೆ, ನಾಯಿ ಮೇಲೆ, ಹಾರಿಬಂದ ತರಗೆಲೆ ಮೇಲೆ, ಒಟ್ಟು ಕಣ್ಣಿಗೆ ಕಂಡಿದ್ದರ ಮೇಲೆಲ್ಲ ಅರ್ಜಿ ಬರೆಯೋರು. ಹೊಲಿಗೆ ಮಿಷನ್ ಸದ್ದಿನ ಮೇಲೂ ಒಂದು ಬರೆದಿದ್ದರು. ಎರಡು ಮನೆಗೆ ಮಾತು ನಿಂತಿದ್ದು ಅದರಿಂದಲೇ.

ಮನೆ ಉದ್ದ ಹಿಡಿದೆ. ನಲವತ್ತಡಿ ಒಂದಿಂಚು ಬಂತು. ಅಮ್ಮನ ಚೀಟೀಲಿ ಒಂದಿಂಚು ಕಮ್ಮಿ ಇದೆ ಅಂತ ಜೋರಾಗಿ ಹೇಳಿದೆ. ಟೇಪು ಜೋಲು ಬಿದ್ದಿದೆ, ಬಿಗಿಯಾಗಿ ಎಳಿ ಅಂದರು. ಎಳೆದೆ. ಸರಿಯಾಗಿ ನಾನೂರ ಎಂಬತ್ತು ಇಂಚು. ತಾರಸಿ ಮೇಲಿಂದ ಗುಮಾಸ್ತರು ಕೆಮ್ಮಿದರು.

ಆಮೇಲೆ ಇಬ್ಬರೂ ಸಂದಿಗೆ ಹೋದೆವು. ಅರ್ಧ ದಾರೀಲಿ ಅಮ್ಮ ನಿಂತುಬಿಟ್ಟರು. ಅಲ್ಲೊಂದು ಕಿಟಕಿ. ಒಳಗೆ ಗುಮಾಸ್ತರ ಹೆಂಡತಿ ಒಲೆ ಮುಂದೆ ನಿಂತು ಸಾಸಿವೆ ಡಬ್ಬಿ ತೆಗೀತಿದ್ದರು. ಆ ಅಡುಗೆಮನೆಗೆ ಇರೋ ಬೆಳಕೆಲ್ಲ ಈ ಕಿಟಕೀದೇ. ಅವರು ಇವರನ್ನು ನೋಡಿದರು, ಇವರು ಅವರನ್ನು ನೋಡಿದರು. ಅಮ್ಮ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು.

"ಇಲ್ಲಿ ಕಟ್ಟುದ್ರೆ ಅವ್ಳು ಅಗಲೊತ್ತೇ ಲೈಟ್ ಆಕ್ಕಂಡು ಒಗ್ಗರಣೆ ಆಕ್ಬೇಕಾಯ್ತದೆ. ಬ್ಯಾಡ ಬುಡು."

ನಾನು ಒಂದು ಗಂಟೆ ಕಾನೂನು ಹೇಳಿದ್ದೆ. ಅವರಿಗೆ ಅರ್ಥ ಆಗೋಕೆ ಒಂದು ಸಾಸಿವೆ ಡಬ್ಬಿ ಸಾಕಾಯಿತು. ನಿಜ ಹೇಳಬೇಕೆಂದರೆ ಆ ಕಾನೂನು ಯಾಕಿದೆ ಅಂತ ನನಗೂ ಅವತ್ತೇ ಸರಿಯಾಗಿ ಗೊತ್ತಾಗಿದ್ದು.

ಒಳಗೆ ಬಂದು ಸೊಂಟದ ಮೇಲೆ ಕೈಯಿಟ್ಟು ಮನೆಯೆಲ್ಲ ಒಂದು ಸುತ್ತು ನೋಡಿದರು. ಇನ್ನೇನು ದಾರಿ ಅಮ್ಮಾ ಅಂದೆ. ರವಿಕೆ ಬಿಗಿ ಆಯ್ತು ಅಂತ ಪಕ್ಕದೋಳ ಸೀರೆ ಕತ್ತರಿಸ್ತೀವಾ, ಒಳಗೇ ನೋಡಬೇಕು ಅಂದರು. ಮಲಗೋ ಕೋಣೆಗೆ ಅಂಟಿಕೊಂಡಂಗೆ ಅವರ ಹೊಲಿಗೆ ಕೋಣೆ. ಚಿಕ್ಕದು, ಒಂದು ಕಿಟಕಿ ಇದೆ. ಇಪ್ಪತ್ತೆರಡು ವರ್ಷದಿಂದ ಮಿಷನ್ ಅಲ್ಲೇ. ಅದನ್ನೇ ಬಚ್ಚಲು ಮಾಡು ಅಂದರು. ಹೊಲಿಗೆ ಎಲ್ಲಿ ಅಂತ ಕೇಳಿದ್ದಕ್ಕೆ, ಅದು ನನ್ನ ತಾಪತ್ರಯ, ನೀನು ಗೀಟು ಹಾಕು ಅಂದರು.

ಹೊರಗೋಡೆ ಮುಟ್ಟದೆ, ಒಂದಿಂಚು ಜಾಗ ಹೆಚ್ಚಿಸದೆ ನಕ್ಷೆ ಬರೆದು ಕಚೇರಿಗೆ ಹಾಕಿದೆ. ಒಪ್ಪಿಗೆಯೂ ಬಂತು. ಕಮೋಡು ಎಷ್ಟು ಎತ್ತರ ಇಡೋದು, ಹಿಡಿಕೆ ಎಲ್ಲಿ ಹಾಕೋದು ಅಂತ ಗಾರೆಯವರು ಕೇಳಿದಾಗ ಅಮ್ಮ ಇನ್ನೊಂದು ಚೀಟಿ ತೆಗೆದರು. ಆಸ್ಪತ್ರೆಗೆ ಹೋಗಿ ಯಜಮಾನರನ್ನೇ ಅಳೆದುಕೊಂಡು ಬಂದಿದ್ದರು. ಕೂತಾಗ ಮೊಣಕಾಲು ಎಷ್ಟು ಎತ್ತರ, ಕೈ ಚಾಚಿದರೆ ಎಷ್ಟು ದೂರ, ವಾಕರ್ ಹಿಡಿದರೆ ಎಷ್ಟು ಅಗಲ, ಎಲ್ಲಾ ಇತ್ತು. ಹಬ್ಬಕ್ಕೆ ಹೊಸ ಅಂಗಿ ಇರಬೇಕು ಅಂತ ಪಾಪ ಡ್ರೈವರು ಸುಮ್ಮನೆ ಅಳತೆ ಕೊಟ್ಟಿದ್ದರಂತೆ.

ಅಳೆಯೋಕೆ ಬಂದ ಮೇಡಂ

ಇಟ್ಟಿಗೆ, ಸಿಮೆಂಟು ಬಂದಿಳಿದ ದಿನವೇ ಗುಮಾಸ್ತರ ಅರ್ಜಿ ಹೋಯಿತು. ಪಕ್ಕದ ಮನೆಯವರು ಸಂದೀಲಿ ಅಕ್ರಮವಾಗಿ ಶೌಚಾಲಯ ಕಟ್ಟುತ್ತಿದ್ದಾರೆ, ನಮ್ಮ ಗಾಳಿ ಬೆಳಕಿಗೆ ಸಂಚಕಾರ ಬಂದಿದೆ ಅಂತ ಎರಡು ಪುಟ. ನಾಳೆ ತನಿಖೆ ಅಂತ ಸುದ್ದಿ ಬಂದಾಗ ಕೆಲಸ ಮುಗಿಯೋ ಹಂತದಲ್ಲಿತ್ತು, ಡ್ರೈವರು ಮನೆಗೆ ಬರೋಕೆ ಇನ್ನು ನಾಲ್ಕೇ ದಿನ. ತನಿಖೆ ಮುಗಿಯೋ ತನಕ ಕೆಲಸ ನಿಲ್ಲಿಸಿ ಅಂದುಬಿಟ್ಟರೆ ಎಲ್ಲಾ ಹೋಯಿತು. ನನಗೆ ನಿದ್ದೆ ಬರಲಿಲ್ಲ, ಬೆಳಿಗ್ಗೇನೇ ಹೋಗಿ ಅಲ್ಲಿ ನಿಂತೆ.

ತನಿಖೆಗೆ ಬಂದವರು ಚಿಕ್ಕ ವಯಸ್ಸಿನ ಇಂಜಿನಿಯರ್ ಮೇಡಂ. ಗುಮಾಸ್ತರು ಅರ್ಜಿಯ ಪ್ರತಿ ಹಿಡಿದು, ಇಸ್ತ್ರಿ ಶರ್ಟು ಹಾಕಿ ಗೇಟಲ್ಲೇ ಕಾದಿದ್ದರು. ಮೇಡಂ ಸಂದಿಗೆ ಹೋದರು. ಅಲ್ಲಿ ನೆಲದಲ್ಲಿ ಹೂತ ಒಂದು ಪೈಪು, ಒಂದು ದಾಸವಾಳದ ಕುಂಡ, ಅಷ್ಟೇ. ಶೌಚಾಲಯ ಎಲ್ಲಿ ಅಂತ ಗುಮಾಸ್ತರನ್ನು ಕೇಳಿದರು. ಗುಮಾಸ್ತರು ಕುಂಡದ ಹಿಂದೆ ಬಗ್ಗಿ ನೋಡಿದರು. ಆಗ ಕಿಟಕಿಯೊಳಗಿಂದ ಅವರ ಹೆಂಡತಿ ಮಾತಾಡಿದರು.

"ಸಾಕು ಒಳೀಕ್ ಬನ್ನಿ. ನನ್ ಬೆಳಕಿಗೆ ಅಡ್ಡ ನಿಂತಿರೋದು ನೀವೊಬ್ರೇ."

ಮೇಡಂ ಒಳಗಿನ ಬಚ್ಚಲು ನೋಡಿದರು, ನಕ್ಷೆ ಜೊತೆ ತಾಳೆ ಹಾಕಿದರು, ಅಡ್ಡಿ ಇಲ್ಲ ಅಂದರು. ಮಿಷನ್ ಎಲ್ಲಿ ಹೋಯಿತು ಅಂತ ಕೇಳಿದರು. ಅಮ್ಮ ಹಿತ್ತಲಿಗೆ ಕರ್ಕೊಂಡು ಹೋದರು. ಹಳೇ ಬಚ್ಚಲಿಗೆ ಸುಣ್ಣ ಹೊಡೆದು, ಹಂಡೆ ಒಲೆ ಇದ್ದ ಜಾಗದಲ್ಲಿ ಮಿಷನ್ ಇಟ್ಟಿದ್ದರು. ಕನ್ನಡಿ ಮೊದಲೇ ಇತ್ತು, ಒಳಗಿಂದ ಚಿಲಕ ಮೊದಲೇ ಇತ್ತು, ರವಿಕೆ ಹಾಕಿ ನೋಡೋರಿಗೆ ಅದಕ್ಕಿಂತ ಅನುಕೂಲ ಇಲ್ಲ. ಮೇಡಂ ಒಳಗೆ ಹೋದವರು ಹತ್ತು ನಿಮಿಷ ಬರಲಿಲ್ಲ. ನಾನು ನಕ್ಷೆ ಹಿಡ್ಕೊಂಡು ಹಿತ್ತಲಲ್ಲಿ ಅತ್ತಿತ್ತ ಓಡಾಡಿದೆ. ಅಳತೆ ತಗೊಳ್ಳೋಕೆ ಬಂದ ಮೇಡಂ ಹಬ್ಬದ ರವಿಕೆಗೆ ಅಳತೆ ಕೊಟ್ಟು ಹೊರಟರು.

ಮೂರನೇ ಚೊಂಬು

ಡ್ರೈವರನ್ನು ಕರ್ಕೊಂಡು ಬಂದ ದಿನ ನಾನೂ ಹೋಗಿದ್ದೆ. ನನ್ನ ಕೆಲಸ ಅಲ್ಲ, ಆದರೂ ಮನಸ್ಸು ತಡೀಲಿಲ್ಲ. ಮನುಷ್ಯ ಸೊರಗಿ ಹೋಗಿದ್ದರು, ತುಟಿ ಒಡೆದಿತ್ತು. ಮಂಚದ ಮೇಲೆ ಕೂತು ಹೊಲಿಗೆ ಕೋಣೆ ಕಡೆ ನೋಡಿದರು. ಮಿಷನ್ ಇಲ್ಲ, ಹೊಸ ಬಾಗಿಲು. ಹೆಂಡತಿ ಮುಖ ನೋಡಿದರು. ಅಮ್ಮ ವಾಕರ್ ಮುಂದೆ ಇಟ್ಟರು.

ಒಂದು, ಎರಡು, ಮೂರು, ನಾಲ್ಕು, ಐದು ಹೆಜ್ಜೆ. ಹಿಡಿಕೆ ಸರಿಯಾಗಿ ಕೈಗೇ ಸಿಕ್ಕಿತು. ಬಾಗಿಲು ಹಾಕಿಕೊಂಡರು, ಒಳಗಿಂದ ಚಿಲಕ ಬಿತ್ತು. ಒಂದೂವರೆ ತಿಂಗಳಿಂದ ಆ ಮನುಷ್ಯನಿಗೆ ಚಿಲಕ ಹಾಕ್ಕೊಳ್ಳೋ ಭಾಗ್ಯ ಇರಲಿಲ್ಲ. ಹೊರಗೆ ಬಂದು ಕೂತವರು ಅಂಗಿ ಅಂತ ಅಳತೆ ತಗಂಡು ಇದನ್ನ ಹೊಲ್ದಿದ್ದೀಯ ಅಂದರು. ಆಮೇಲೆ ಒಂದು ಚೊಂಬು ನೀರು ಕೇಳಿದರು.

ಅಮ್ಮ ತಂದುಕೊಟ್ಟರು. ಗಟಗಟ ಅಂತ ಒಂದೇ ಉಸಿರಿಗೆ ಕುಡಿದರು. ಇನ್ನೊಂದು ಕೇಳಿದರು, ಅದನ್ನೂ ಕುಡಿದರು. ಅಮ್ಮ ಗೋಡೆ ಕಡೆ ತಿರುಗಿ ಸೆರಗಲ್ಲಿ ಕಣ್ಣೊರೆಸಿಕೊಂಡರು. ನಾನು ನಕ್ಷೆ ಮಡಚ್ತಾ ಕೂತೆ.

"ಇನ್ನೊಂದ್ ಚೊಂಬು ತತ್ತಾ. ಎಷ್ಟ್ ಸತಿ ಓಗ್ಬೋದೋ ನೋಡೇಬುಡ್ತೀನಿ."

ಮೂರನೇ ಚೊಂಬು ಖಾಲಿ ಮಾಡಿ ಡ್ರೈವರು ಮತ್ತೆ ಒಳಗೆ ಹೋಗಿ ಚಿಲಕ ಹಾಕ್ಕೊಂಡರು. ಅದೇ ಹೊತ್ತಿಗೆ ಗುಮಾಸ್ತರು ಬಾಗಿಲಲ್ಲಿ ನಿಂತರು, ಕೈಯಲ್ಲಿ ಒಂದು ಕಾಗದ. ಇನ್ನೊಂದು ಅರ್ಜಿ ಅಂತ ನಾನು ಎದ್ದು ನಿಂತೆ. ಅರ್ಜಿ ಹೌದು, ಆದರೆ ಬರೆದಿದ್ದು ನನಗೆ. ತಮಗೆ ಮಂಡಿ ನೋವು, ತಮ್ಮ ಬಚ್ಚಲೂ ಹಿತ್ತಲಲ್ಲೇ ಇದೆ, ಆದ್ದರಿಂದ ತಮ್ಮ ಮನೆ ಒಳಗೂ ಇಂಥದೇ ಒಂದಕ್ಕೆ ನಕ್ಷೆ ಬರೆದುಕೊಡಬೇಕಾಗಿ ವಿನಂತಿ. ಮೊದಲು ಕಣ್ಣಾರೆ ನೋಡಬೇಕು ಅಂದರು. ಅರ್ಧ ಗಂಟೆ ಕಾದರು. ಡ್ರೈವರು ಹೊರಗೆ ಬರಲಿಲ್ಲ. ಒಳಗಿಂದ ಸಿಳ್ಳೆ ಕೇಳಿಸ್ತಿತ್ತು.

ಅಮ್ಮ ಗುಮಾಸ್ತರನ್ನು ತಲೆಯಿಂದ ಕಾಲಿನ ತನಕ ನೋಡಿ, ಕೊರಳಿಂದ ಟೇಪು ತೆಗೆದರು. ಎರಡು ವರ್ಷದ ಮೇಲೆ ಅವರ ಜೊತೆ ಆಡಿದ ಮೊದಲ ಮಾತು ಅದು.

"ಅವ್ರು ಇವತ್ತು ಈಚೆಗ್ ಬರಾಕಿಲ್ಲ. ನೀವ್ ಕುಂತ್ಕಳಿ, ಅಷ್ಟ್ರಲ್ಲಿ ನಿಮ್ ಮಂಡಿ ಅಳತೆ ತಗಂಬುಡ್ತೀನಿ."