ಕರೀ ಸ್ವೆಟರಿನ ಮೊಣಕೈ ತೂತು

ತುಮಕೂರು ಜಿಲ್ಲೆಗೆ ಪಂಕ್ ಫ್ಯಾಷನ್ ತಂದವರು ಯಾರು ಎಂದು ಯಾರಾದರೂ ಕೇಳಿದರೆ ಎದೆ ತಟ್ಟಿ ಹೇಳುತ್ತೇನೆ: ನಮ್ಮ ಗುಬ್ಬಿ ಚಿಕ್ಕಮ್ಮ! ಇದುವರೆಗೆ ಯಾರೂ ಕೇಳಿಲ್ಲ, ಆ ಮಾತು ಬೇರೆ. ಹಣೆಯಲ್ಲಿ ಕಾಸಗಲ ಕುಂಕುಮ, ಮುಡಿಯಲ್ಲಿ ಕನಕಾಂಬರ, ಹೂಹೂವಿನ ನೈಲಾನ್ ಸೀರೆ, ಅದರ ಮೇಲೆ ಕಗ್ಗಪ್ಪು ಸ್ವೆಟರು. ಸ್ವೆಟರಿನ ಎದೆಯ ಮೇಲೆ ಹಲ್ಲು ಕಿರಿಯುತ್ತಿರುವ ಬಿಳೀ ತಲೆಬುರುಡೆ! ತೋಳು ಎಷ್ಟು ಉದ್ದವೆಂದರೆ ಬೆರಳ ತುದಿಯೂ ಕಾಣದು. ಮುದ್ದೆ ತಿರುವುವಾಗ ಅದನ್ನು ಮೊಣಕೈವರೆಗೆ ಸುತ್ತಿಕೊಳ್ಳುತ್ತಿದ್ದಳು. ಇಂಥ ವೇಷದಲ್ಲಿ ಬೆಳಗಿನ ಚಳಿಯಲ್ಲಿ ಹಾಲಿನವನ ಎದುರು ಪಾತ್ರೆ ಹಿಡಿದು ನಿಂತರೆ ಅವನು ಹಾಲಿಗೆ ನೀರು ಬೆರೆಸಿಯಾನೇ?

ಈ ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಅವಳಿಗೆ ಮಕ್ಕಳಿರಲಿಲ್ಲ. ನನ್ನ ಬೆನ್ನಿಗೆ ಅವಳಿ ತಮ್ಮಂದಿರು ಹುಟ್ಟಿ ಕುಣಿಗಲ್‌ನಲ್ಲಿ ಅಮ್ಮ ಹೈರಾಣಾದಾಗ, ಆಗಷ್ಟೇ ನಡೆಯಲು ಕಲಿತಿದ್ದ ನನ್ನನ್ನು 'ಸ್ವಲ್ಪ ದಿನದ ಮಟ್ಟಿಗೆ' ಅಂತ ಗುಬ್ಬಿಗೆ ಕಳಿಸಿದರು. ಆ ಸ್ವಲ್ಪ ದಿನ ಮುಗಿಯುವ ಹೊತ್ತಿಗೆ ನಾನು ಮೂರನೇ ಕ್ಲಾಸಿನಲ್ಲಿದ್ದೆ! ತೊಂಬತ್ತರ ದಶಕದ ಶುರುವಿನಲ್ಲಿ ಒಂದು ದಿನ ಅಪ್ಪ ಬಂದು ನನ್ನನ್ನು ಕರೆದುಕೊಂಡು ಹೊರಟರು. ಚಿಕ್ಕಮ್ಮ ಬಸ್ ಸ್ಟ್ಯಾಂಡಿಗೆ ಬಂದು, ಜಡೆ ಹೆಣೆದು, ಕಡಲೆಕಾಯಿ ಪೊಟ್ಟಣ ಕೊಟ್ಟು, ನಗುತ್ತಾ ಕೈ ಬೀಸಿದಳು. ಬಸ್ಸು ಮರೆಯಾದ ಮೇಲೆ ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತಳಂತೆ. ಮನೆಗೆ ಹೋದ ಮೇಲೂ ಅಳು ನಿಲ್ಲಲಿಲ್ಲವಂತೆ. ಖಾಲಿ ಮನೆಯಲ್ಲಿ ಕೂರಲಾರೆ ಎಂದು ಹಟ ಹಿಡಿದು, ತುಮಕೂರಿನ ಪಕ್ಕದ ಅಂತರಸನಹಳ್ಳಿಯಲ್ಲಿ ಸ್ವೆಟರ್ ಮಾಡುವ ಒಂದು ಫ್ಯಾಕ್ಟರಿಗೆ ಕೆಲಸಕ್ಕೆ ಸೇರಿದಳು. ಮನೆಯೇನೂ ಖಾಲಿ ಇರಲಿಲ್ಲ. ಚಿಕ್ಕಪ್ಪ ಇದ್ದರು, ಚಿಕ್ಕಪ್ಪನ ಅಮ್ಮ ಇದ್ದರು, ಎರಡು ಎಮ್ಮೆಗಳೂ ಇದ್ದವು. ಆದರೂ ಅವಳು ಹಾಗೆಯೇ ಹೇಳುತ್ತಿದ್ದಳು.

ಫ್ಯಾಕ್ಟರಿಯಲ್ಲಿ ಅವಳಿಗೆ ಸಿಕ್ಕಿದ್ದು ರಫು ಹಾಕುವ ಕೆಲಸ. ಮೆಷಿನ್ನಿನಿಂದ ಬಂದ ಸ್ವೆಟರಿನಲ್ಲಿ ಎಲ್ಲಾದರೂ ಎಳೆ ಬಿಟ್ಟು ತೂತಾಗಿದ್ದರೆ ಅದನ್ನು ಸೂಜಿಯಲ್ಲಿ ಮತ್ತೆ ಹೆಣೆದು, ತೂತಿತ್ತು ಎಂಬ ಗುರುತೇ ಉಳಿಯದ ಹಾಗೆ ಮಾಡಬೇಕು. ಇದರಲ್ಲಿ ಚಿಕ್ಕಮ್ಮ ಬೇಗ ಎತ್ತಿದ ಕೈಯಾದಳು. ಎಷ್ಟರಮಟ್ಟಿಗೆ ಎಂದರೆ ಬಸ್ಸಿನಲ್ಲಿ ಮುಂದೆ ಕೂತ ಅಪರಿಚಿತರ ಸ್ವೆಟರಿನಲ್ಲಿ ತೂತು ಕಂಡರೂ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಬಳೆಯಲ್ಲಿ ಸದಾ ಗೊಂಚಲು ಪಿನ್ನು, ಒಂದು ಸೂಜಿ ಇದ್ದೇ ಇರುತ್ತಿದ್ದವು. ಒಮ್ಮೆ ಮುಂದಿನ ಸೀಟಿನ ಮೇಷ್ಟ್ರೊಬ್ಬರು ನಿದ್ದೆ ಹೊಡೆಯುತ್ತಿದ್ದಾಗ ಅವರ ಬೆನ್ನಿನ ತೂತಿಗೆ ರಫು ಹಾಕಿ ಮುಗಿಸಿದಳು. ತುಮಕೂರಿನಲ್ಲಿ ಮೇಷ್ಟ್ರು ಇಳಿಯಲು ಎದ್ದರೆ ಸೀಟಿನ ಬೆನ್ನಿಗೆ ಯಾರೋ ಹಾಕಿದ್ದ ಟವೆಲ್ಲೂ ಜೊತೆಗೇ ಎದ್ದಿತು. ಅದೊಂದು ಸಣ್ಣ ತಪ್ಪಾಯಿತು ಎಂದು ಒಪ್ಪಿಕೊಳ್ಳುತ್ತಿದ್ದಳು.

ಇನ್ನು ದೊಡ್ಡ ತಪ್ಪಿನ ಕಥೆಗೆ ಬರೋಣ. ಎರಡು ಸಾವಿರದ ಇಸವಿಯ ಆಚೀಚೆ ಫ್ಯಾಕ್ಟರಿಗೆ ಹೊರದೇಶದಿಂದ ಒಂದು ಆರ್ಡರ್ ಬಂತು. ಹುಡುಗಿಯರ ಸ್ವೆಟರು, ಮೈಯೆಲ್ಲ ಕಪ್ಪು, ಎದೆಗೆ ಬುರುಡೆ, ಭುಜಕ್ಕೆ ಸಾಲಾಗಿ ಪಿನ್ನು, ಮೊಣಕೈ ಹೊಟ್ಟೆ ಬೆನ್ನು ಎನ್ನದೆ ಎಲ್ಲೆಲ್ಲೂ ತೂತು. ಆ ತೂತುಗಳೇ ಫ್ಯಾಷನ್! ಇದನ್ನು ರಫು ಹಾಕುವ ಹೆಂಗಸರಿಗೆ ಹೇಳಬೇಕಾಗಿದ್ದ ಸೂಪರ್‌ವೈಸರು ತಂಗಿ ಮದುವೆಗೆಂದು ರಜ ಹಾಕಿ ಹೋಗಿದ್ದ. ಮೇಜಿನ ಮೇಲೆ ರಾಶಿ ಬಿದ್ದ ಸ್ವೆಟರ್ ನೋಡಿ ಚಿಕ್ಕಮ್ಮ ಬಳೆಯ ಸೂಜಿಗೆ ಕೈ ಹಾಕಿದಳು. ಈ ಪಾಟಿ ತೂತೇ? ಮೆಷಿನ್ನು ಪೂರ್ತಿ ಕೆಟ್ಟಿದೆ ಎಂದು ತೀರ್ಮಾನಿಸಿ, ಜೊತೆಯ ಹೆಂಗಸರನ್ನೆಲ್ಲ ಹುರಿದುಂಬಿಸಿ, ಊಟಕ್ಕೂ ಸರಿಯಾಗಿ ಏಳದೆ ಇಡೀ ಲಾಟಿನ ತೂತುಗಳನ್ನು ಮುಚ್ಚಿಸಿಬಿಟ್ಟಳು!

ಮದುವೆ ಊಟ ಮುಗಿಸಿ ಬಂದ ಸೂಪರ್‌ವೈಸರು ತಲೆ ಮೇಲೆ ಕೈ ಹೊತ್ತು ಕೂತ. ಬಿಚ್ಚಿ, ಮೊದಲಿನ ತೂತನ್ನೇ ಮತ್ತೆ ಮಾಡಿ ಎಂದು ಕೂಗಾಡಿದ. ಚಿಕ್ಕಮ್ಮ ಬೆಳಕಿಗೆ ಹಿಡಿದು ನೋಡಿದಳು, ತಿರುಗಿಸಿ ನೋಡಿದಳು, ಕೈಯಾಡಿಸಿ ನೋಡಿದಳು. ತೂತು ಎಲ್ಲಿತ್ತೆಂದು ಅವಳಿಗೇ ಗೊತ್ತಾಗಲಿಲ್ಲ! ಮಾಲೀಕರು ಕರೆಸಿ, ಯಾಕಮ್ಮಾ ಹೀಗೆ ಮಾಡಿದೆ, ಮಾದರಿಗೆ ಕಳಿಸಿದ ಸ್ವೆಟರಿನಲ್ಲೂ ತೂತಿತ್ತಲ್ಲ, ನೋಡಲಿಲ್ಲವೇ ಎಂದು ಕೇಳಿದರು. ನೋಡಿದ್ದಳು. ಎಲ್ಲಕ್ಕಿಂತ ಮೊದಲು ಅದಕ್ಕೇ ರಫು ಹಾಕಿದ್ದಳು.

"ಯಾರ್ ಮನೆ ಮಗಳೋ ಏನೋ ಸಾರ್, ದೂರದಲ್ಲವ್ಳೆ. ಅಲ್ಲಿ ಚಳಿ ಬೇರೆ ಜಾಸ್ತಿಯಂತೆ. ತೂತೈತೆ ಅಂತ ಗೊತ್ತಿದ್ದೂ ಎಂಗ್ ಸಾರ್ ಕಳ್ಸದು?"

ಮಾಲೀಕರು ಹೊಸದಾಗಿ ಹೆಣೆಸಿ ಹೇಗೋ ಆರ್ಡರ್ ಸುಧಾರಿಸಿ, ಮುಚ್ಚಿದ ಸ್ವೆಟರುಗಳನ್ನು ಹಾಳಾಗಿ ಹೋಗಲಿ ಎಂದು ಕೆಲಸದವರಿಗೇ ಹಂಚಿದರು. ಆ ಚಳಿಗಾಲ ಅಂತರಸನಹಳ್ಳಿಯಿಂದ ಗುಬ್ಬಿಯವರೆಗೆ ಎಲ್ಲಿ ನೋಡಿದರೂ ಬುರುಡೆಯೇ ಬುರುಡೆ. ಬೇರೆ ಹೆಂಗಸರು ಅದನ್ನು ಮನೆಯೊಳಗಷ್ಟೇ ಹಾಕಿಕೊಂಡರು. ನಮ್ಮ ಚಿಕ್ಕಮ್ಮ ಊರೆಲ್ಲ ಮೆರೆದಳು. ಮುತ್ತೈದೆ ಕಪ್ಪು ಹಾಕಬಾರದು ಎಂದು ಅವಳ ಅತ್ತೆ, ಅಂದರೆ ನಾನು ಅಜ್ಜಿ ಎಂದು ಕರೆಯುವವರು, ರಂಪ ಮಾಡಿದರೆ ಕತ್ತಿನ ಕರಿಮಣಿ ಎತ್ತಿ ತೋರಿಸಿ, ಇದು ಯಾವ ಬಣ್ಣ ಎಂದು ಕೇಳಿದಳು. ಭುಜದ ಪಿನ್ನಿನ ಸಾಲು ನೋಡಿ ಊರವರು ನಕ್ಕರೆ, ನಾವು ಬಳೆಯಲ್ಲಿ ಹಾಕಿದ್ದನ್ನು ಅವರು ಭುಜಕ್ಕೆ ಹಾಕಿದ್ದಾರೆ, ಅಷ್ಟೇ ತಾನೇ ಎಂದಳು. ಎಷ್ಟು ನಿಜ!

ಅಜ್ಜಿ ಸುಮ್ಮನೆ ಸೋಲುವವರಲ್ಲ. ಒಂದು ದಿನ ಚಿಕ್ಕಮ್ಮ ಸ್ನಾನಕ್ಕೆ ಹೋದಾಗ ಸ್ವೆಟರನ್ನು ಎತ್ತಿಕೊಂಡು ಹೋಗಿ ಅವರೆ ಹೊಲದ ಬೆದರುಬೊಂಬೆಗೆ ತೊಡಿಸಿಬಿಟ್ಟರು. ಅದನ್ನು ನೋಡಿ ಹಕ್ಕಿಗಳು ಹೋಗಲಿ, ಪಕ್ಕದ ಹೊಲದವರೂ ಬರುವುದನ್ನು ಬಿಟ್ಟರಂತೆ. ಚಿಕ್ಕಮ್ಮ ಹೋಗಿ ಬೊಂಬೆಯ ಮೈಯಿಂದ ಬಿಚ್ಚಿ, ಒಗೆದು, ಒಣಗಿಸಿ ಮತ್ತೆ ಹಾಕಿಕೊಂಡಳು. ಬರಿಮೈಯ ಬೊಂಬೆಯನ್ನು ನೋಡಲಾರದೆ ಚಿಕ್ಕಪ್ಪನ ಹೊಸ ಶರ್ಟನ್ನು ಅದಕ್ಕೆ ಕೊಟ್ಟಳು.

ಅವಳಿಗೆ ಸಿಕ್ಕಿದ್ದು ಎರಡು ಸ್ವೆಟರು. ಒಂದು ಅವಳಿಗೆ, ಇನ್ನೊಂದು ನನಗೆ. ಅದನ್ನು ಕೊಡಲೆಂದೇ ಧನುರ್ಮಾಸದ ಚಳಿಯಲ್ಲಿ ಕುಣಿಗಲ್‌ಗೆ ಹೊರಟಳು. ತುಮಕೂರಿನಲ್ಲಿ ಬಸ್ಸು ಬದಲಾಯಿಸಬೇಕು. ಶಬರಿಮಲೆಯ ಕಾಲ, ಬಸ್ ಸ್ಟ್ಯಾಂಡಿನಲ್ಲಿ ಮಾಲೆ ಹಾಕಿದ ಭಕ್ತರೆಲ್ಲ ಕಪ್ಪಿನಲ್ಲೇ ಇದ್ದರು. ಚಳಿಗೆಂದು ಚಿಕ್ಕಮ್ಮ ಸೆರಗನ್ನು ಎದೆ ತುಂಬ ಹೊದ್ದಿದ್ದರಿಂದ ಬುರುಡೆ ಮುಚ್ಚಿಹೋಗಿ ಬರೀ ಕಪ್ಪು ತೋಳು ಕಾಣುತ್ತಿತ್ತು. ಭಕ್ತರು ಶರಣು ಹೇಳಿ ಕೈ ಮುಗಿದರು. ಕಂಡಕ್ಟರು ಸ್ವಾಮಿ ಕೂತ್ಕಳಿ ಎಂದು ಮುಂದಿನ ಸೀಟು ಬಿಡಿಸಿಕೊಟ್ಟ. ಮರ್ಯಾದೆಯೇ ಮರ್ಯಾದೆ! ಹಿಗ್ಗಿ ಕೂತಿದ್ದವಳಿಗೆ ಪಕ್ಕದ ಅಮ್ಮನೊಬ್ಬರು, ಹೆಂಗಸರು ಐವತ್ತು ದಾಟಿದ ಮೇಲೆ ತಾನೇ ಮಾಲೆ ಹಾಕುವುದು, ನಿಮಗೆಷ್ಟಾಯಿತು ಎಂದು ವಿಚಾರಿಸಿದರು. ಅವಳಿಗಿನ್ನೂ ನಲವತ್ತೂ ಆಗಿರಲಿಲ್ಲ. ನಮ್ಮ ಮನೆಗೆ ಬಂದವಳು ನನ್ನನ್ನೂ ಮಾತಾಡಿಸದೆ ನೇರ ಕನ್ನಡಿ ಮುಂದೆ ಹೋಗಿ ನಿಂತಳು.

ಆಮೇಲೆ ನನಗೆ ಸ್ವೆಟರ್ ತೊಡಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿದಳು. ತೋಳು ಸರಿಯಾಗಿತ್ತು, ಎದೆ ಸರಿಯಾಗಿತ್ತು. ಎಡ ಮೊಣಕೈಯಲ್ಲಿ ಮಾತ್ರ ಒಂದು ತೂತು! ಲಾಟಿಗೆ ಲಾಟೇ ಮುಚ್ಚಿದವಳು ನನ್ನದನ್ನೇ ಮರೆತೆಯಾ ಎಂದು ರೇಗಿಸಿದೆ.

"ದಾರ ಮುಗ್ದೋಗಿತ್ತು ಕಣೇ ಮಗ. ಸಂಕ್ರಾಂತಿಗೆ ಗುಬ್ಬಿಗೆ ಬಾ, ಹಾಕ್ಕೊಡ್ತೀನಿ."

ಹೋದೆ. ಅವರೆಕಾಳು ಸಾರು, ಮುದ್ದೆ, ಎಳ್ಳು ಬೆಲ್ಲ ಎಲ್ಲ ಆಯಿತು. ನನ್ನ ಪಕ್ಕವೇ ಕೂತು ಚಿಕ್ಕಮ್ಮ ತೂತು ಮುಚ್ಚಿದಳು. ಹೇಗೆ ಹಾಕುವುದೆಂದು ನನಗೂ ಕಲಿಸಿದಳು. ಕುಣಿಗಲ್‌ಗೆ ವಾಪಸ್ಸು ಬಂದು ನೋಡಿದರೆ ಭುಜದ ಹತ್ತಿರ ಇನ್ನೊಂದು ತೂತು! ಫೋನಿನಲ್ಲಿ ಹೇಳಿದೆ. ಅಯ್ಯೋ, ಎಕ್ಸ್‌ಪೋರ್ಟ್ ಮಾಲು ಕಣೇ, ಅದರ ಹಣೆಬರಹವೇ ಅಷ್ಟು, ನೀನೇನೂ ಸೂಜಿ ಹಾಕಬೇಡ, ಕೆಡಿಸಿಬಿಡ್ತೀಯ, ಇಲ್ಲಿಗೇ ತಗೊಂಡು ಬಾ ಎಂದಳು. ಮತ್ತೆ ಹೋದೆ. ಭುಜದ್ದು ಮುಚ್ಚಿತು, ಬೆನ್ನಿನದು ಬಾಯಿ ಬಿಟ್ಟಿತು. ಬೆನ್ನಿನದು ಮುಚ್ಚಿದರೆ ಸೊಂಟದ್ದು. ಡಿಗ್ರಿಗೆ ತುಮಕೂರು ಹಾಸ್ಟೆಲ್ ಸೇರಿದಾಗ ಹುಡುಗಿಯರು ಇದೇ ಫ್ಯಾಷನ್ ಎಂದುಕೊಂಡು ತಮ್ಮ ಸ್ವೆಟರಿಗೂ ಕತ್ತರಿ ಹಾಕಿಕೊಂಡರು. ಎಲ್ಲರ ಸ್ವೆಟರೂ ಎಳೆ ಬಿಟ್ಟುಕೊಂಡು ಜಾಲರಿಯಾಯಿತು. ನನ್ನದರ ತೂತು ಮಾತ್ರ ಅಚ್ಚುಕಟ್ಟಾಗಿ, ಅಂಚು ಕಟ್ಟಿದ ಹಾಗೆ, ಇದ್ದಷ್ಟೇ ಇರುತ್ತಿತ್ತು. ಹೇಗೆ ಎಂದು ನಾನು ಯೋಚಿಸಲೇ ಇಲ್ಲ.

ಕೆಲಸ, ಮದುವೆ, ಮಗು ಎಂದು ಆದ ಮೇಲೂ ಚಳಿಗಾಲ ಬಂದರೆ ಸ್ವೆಟರ್ ಹಿಡಿದು ಗುಬ್ಬಿ ಬಸ್ಸು ಹತ್ತುತ್ತಿದ್ದೆ. ಎರಡು ದಿನ ಅವಳ ಮಗ್ಗುಲಲ್ಲೇ ಕೂತು ಅವಳ ಸೂಜಿ ಓಡುವುದನ್ನು ನೋಡುತ್ತಿದ್ದೆ. ಆ ಸುಖ ಮತ್ತೆಲ್ಲೂ ಸಿಗಲಿಲ್ಲ.

ಒಂದು ಶಿವರಾತ್ರಿ ಕಳೆದ ಮೇಲೆ ಚಿಕ್ಕಮ್ಮ ಇದ್ದಕ್ಕಿದ್ದಂತೆ ಹೋಗಿಬಿಟ್ಟಳು. ಎದೆನೋವು ಎಂದು ಮಲಗಿದವಳು ಏಳಲಿಲ್ಲ. ತಿಥಿಗೆ ಹೋದಾಗ ಹಿತ್ತಿಲ ಬಾಗಿಲಲ್ಲಿ ಕೂತಿದ್ದ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದು, ಸ್ವೆಟರ್ ತಂದಿದ್ದೀಯಾ ಎಂದು ಕೇಳಿದರು. ಇಲ್ಲ ಎಂದೆ. ಈ ಸಲ ಎಲ್ಲಿ ತೂತು ಎಂದರು. ಎಡ ಮೊಣಕೈಯಲ್ಲಿ ಎಂದೆ.

"ನೀನು ಸ್ನಾನಕ್ಕೋದಾಗ ಅವ್ಳೇ ಕುಂತ್ಕಂಡು ಎಳೆ ಕಿತ್ತು ತೂತು ಮಾಡೋಳು ಕಣವ್ವ," ಎಂದರು ಅಜ್ಜಿ. "ಜಾಸ್ತಿ ಕಿತ್ತೋಗಬಾರ್ದು ಅಂತ ಸುತ್ತ ಗಂಟಾಕೋಳು. ನಿಂಗೇನ್ ಬಂತೇ ರೋಗ ಅಂತ ಬೈತಿದ್ದೆ. ರಫು ಹಾಕ್ಸಕಾದ್ರೂ ಬತ್ತಾಳೆ ಬುಡು ಅತ್ತೆ, ಅನ್ನೋಳು."

ಆ ಸ್ವೆಟರ್ ಈಗಲೂ ಇದೆ. ಬುರುಡೆಯ ಹಲ್ಲು ಮಾಸಿದೆ, ಕಪ್ಪು ಬೂದು ಬಣ್ಣಕ್ಕೆ ತಿರುಗಿದೆ. ಚಳಿ ಬಿದ್ದರೆ ಅದನ್ನೇ ಹಾಕಿಕೊಳ್ಳುತ್ತೇನೆ. ಮೊಣಕೈಗೆ ತಣ್ಣಗೆ ಗಾಳಿ ಹೊಡೆಯುತ್ತದೆ. ರಫು ಹಾಕುವುದು ನನಗೆ ಚೆನ್ನಾಗಿಯೇ ಬರುತ್ತದೆ, ಅವಳೇ ಕಲಿಸಿದ್ದಳಲ್ಲ. ಕಪ್ಪು ದಾರವೂ ಮನೆಯಲ್ಲಿದೆ. ಆದರೂ ಹಾಕಿಲ್ಲ. ಗುಬ್ಬಿಯಲ್ಲಿ ಚಿಕ್ಕಮ್ಮನ ಹತ್ತಿರ ನನಗೆ ಇನ್ನೂ ಒಂದು ಕೆಲಸ ಬಾಕಿ ಇದೆ.