ಗಂಡನಂತೆ ಮಾತಾಡಿಸತಕ್ಕದ್ದು

ಆ ಕಿಟಕಿ ಸ್ವಲ್ಪ ಮುಂದೆ ಮಾಡಿ, ಆಮೇಲೆ ಕೂತ್ಕೊಳ್ಳಿ. ಈ ವಿಷಯ ನಾನು ಯಾರಿಗೂ ಹೇಳಿಲ್ಲ. ಹೇಳಿದ ಕೆಲವರಿಗೂ, ಯಾರಿಗೂ ಹೇಳಬಾರದು ಅಂತ ಮಾತು ತಗೊಂಡೇ ಹೇಳಿದ್ದೇನೆ. ನೀವೂ ಮಾತು ಕೊಡಿ. ಕೊಟ್ಟಿರಾ? ಸರಿ. ನಮ್ಮ ಪಕ್ಕದ ಮನೆಯಾತ ಕೆಲಸದ ವೇಳೆಯಲ್ಲಿ ಒಬ್ಬರಿಗೆ ಅಪ್ಪ, ಇನ್ನೊಬ್ಬರಿಗೆ ಸೊಸೆ. ಸಹಿ, ಮೊಹರು ಎಲ್ಲಾ ಇದೆ.

ಆತ ನೀರಿನ ಮೀಟರ್ ರಿಪೇರಿ ಆಫೀಸಿನ ಮ್ಯಾನೇಜರು. ಬಹಳ ಸಂಭಾವಿತ. ಎಷ್ಟು ಸಂಭಾವಿತ ಅಂದರೆ, ಮದುವೆಯಾದಾಗಿನಿಂದ ಹೆಂಡತಿ ಹತ್ತಿರ "ಹೂಂ", "ಉಹೂಂ" ಬಿಟ್ಟು ಮೂರನೇ ಮಾತು ಆಡಿದವನಲ್ಲ. ಪಾಪ, ಆಕೆ ಒಂದು ಮಾತಿಗೆ ಬಾಯಿ ಬಿಡುತ್ತಾ, ಮಧ್ಯಾಹ್ನ ಆದರೆ ನಮ್ಮ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದಳು. ಬೀದಿಯವರ ಬಂಡವಾಳವನ್ನೆಲ್ಲ ನಾನು ಬಿಚ್ಚುತ್ತಿದ್ದೆ, ಅವಳು ಕೇಳುತ್ತಿದ್ದಳು. ಒಳ್ಳೆ ಹುಡುಗಿ. "ಹೌದಾ ದೊಡ್ಡಮ್ಮ?" ಅನ್ನೋದನ್ನ ಸರಿಯಾದ ಜಾಗದಲ್ಲೇ ಅನ್ನೋಳು.

ಹೀಗಿರುವಾಗ ಮೇಲಿನಿಂದ ಒಂದು ಸುತ್ತೋಲೆ ಬಂತು. ನನ್ನ ಓದು ಅಷ್ಟಕ್ಕಷ್ಟೇ. ಆಫೀಸಿನ ಜವಾನ ಓದಿ ಹೇಳಿದ, ನಾನು ಬಾಯಿಪಾಠ ಮಾಡಿಕೊಂಡೆ: "ಎಲ್ಲ ನೌಕರರನ್ನೂ ಒಂದೇ ರೀತಿ ನಡೆಸಿಕೊಳ್ಳುವುದು ಅನ್ಯಾಯವೆಂದು ಪರಿಗಣಿಸಲಾಗಿದೆ. ಆದಕಾರಣ ಯಾವ ನೌಕರನಿಗೆ ಯಾವ ಸ್ವಭಾವದ ಮೇಲಧಿಕಾರಿ ಬೇಕೋ, ಮೇಲಧಿಕಾರಿಯು ಆ ಸ್ವಭಾವದವನಾಗತಕ್ಕದ್ದು. ನೌಕರನು ಬದಲಾಗಬೇಕಾಗಿಲ್ಲ."

ಮ್ಯಾನೇಜರು ಮೇಜಿನಿಂದ ಮೇಜಿಗೆ ಹೋಗಿ ವಿಚಾರಿಸಿದ. ಮೀಟರ್ ಬಿಚ್ಚುವವನು ಈತನಿಗಿಂತ ಹಿರಿಯ, ಮೊಮ್ಮಕ್ಕಳಿದ್ದಾರೆ. "ನಮ್ಮಪ್ಪ 'ಲೋ' ಅಂತ ಬೈದ್ರೇನೇ ಸಾರ್ ನನ್ನ ಕೈ ಓಡ್ತಿದ್ದಿದ್ದು. ಅವರು ಹೋದಮೇಲೆ ಸ್ಕ್ರೂಡ್ರೈವರ್ ಹಿಡಿಯೋಕೇ ಮನಸ್ಸಿಲ್ಲ," ಅಂದ. ಮಾರನೇ ದಿನದಿಂದ ಮ್ಯಾನೇಜರು ಸೊಂಟದ ಮೇಲೆ ಕೈಯಿಟ್ಟು ನಿಂತು, "ಲೋ ದಂಡಪಿಂಡ, ಏಳೋ ಮೇಲೆ," ಅನ್ನತೊಡಗಿದ. ಮೀಟರ್ ಬಿಚ್ಚುವವನ ಕಣ್ಣಲ್ಲಿ ನೀರಾಡಿತು. ತಿಂಗಳ ಕೊನೆಗೆ ಕೈಖರ್ಚಿಗೂ ಕೇಳಿದ. ಅಪ್ಪ ಆದಮೇಲೆ ಕೊಡದೆ ಆಗುತ್ತಾ? ಲೆಕ್ಕ ತಪಾಸಣೆಯವರು ಅದನ್ನ "ಪಿತೃವೆಚ್ಚ" ಅಂತ ಮಂಜೂರು ಮಾಡಿದರು.

ಟೈಪಿಸ್ಟಮ್ಮನಿಗೆ ಮನೆಯಲ್ಲಿ ಸೊಸೆಯರು ಕಿವಿಗೇ ಹಾಕಿಕೊಳ್ಳಲ್ಲ. "ಮಾತು ಕೇಳೋ ಸೊಸೆ ಥರ ಇದ್ಬಿಡಿ, ಸಾಕು," ಅಂದಳು. ಮ್ಯಾನೇಜರು ತಲೆ ತಗ್ಗಿಸಿ, "ಅತ್ತೆ, ಈ ಕಾಗದ ಇವತ್ತು ಟೈಪ್ ಮಾಡ್ತೀರಾ?" ಅನ್ನಬೇಕು.

"ಇವತ್ತು ಬೇಡ ಕಣಮ್ಮ."

"ಆಯ್ತು ಅತ್ತೆ."

ಸ್ಟೋರಿನವನಿಗೆ ಬೇಕಾದದ್ದು ಜಗಳ ಆಡಿ ಮಾತು ಬಿಟ್ಟ ತಮ್ಮ. ಹಾಗಾಗಿ ಮ್ಯಾನೇಜರು ಗೋಡೆ ನೋಡಿಕೊಂಡು, "ಕೆಲವರ ಹತ್ರ ವಾಷರ್ ಇದ್ರೆ ಕೊಡಬಹುದು. ನಾನೇನೂ ಕೇಳ್ತಿಲ್ಲ," ಅನ್ನುತ್ತಿದ್ದ. ಸ್ಟೋರಿನವನು ಕಪಾಟಿಗೆ ಹೇಳುತ್ತಿದ್ದ: "ಕಣ್ಣಿದ್ದೋರು ಮೂಲೇಲಿ ಹುಡುಕ್ಕೋಬಹುದು."

ಒಂದು ದಿನ ಅವಸರಕ್ಕೆ ಟೈಪಿಸ್ಟಮ್ಮನನ್ನ "ಲೋ ಅತ್ತೆ" ಅಂದುಬಿಟ್ಟ ನೋಡಿ. ವಿಚಾರಣಾ ಸಮಿತಿ ಕೂತಿತು. "ತಂದೆಯು ಸೊಸೆಯಾಗುವ ಮುನ್ನ ಒಂದು ಲೋಟ ನೀರು ಕುಡಿಯುವಷ್ಟು ಕಾಲಾವಕಾಶ ಪಡೆಯತಕ್ಕದ್ದು" ಅಂತ ತಿದ್ದುಪಡಿ ಬಂತು. ಲೋಟ ಖರೀದಿಗೆ ಟೆಂಡರ್ ಕರೆದರು. ಕೆಟ್ಟ ಮೀಟರುಗಳ ರಾಶಿ ಬೆಳೆದು ಒಳಗೆ ಬೆಳಕು ಬರೋದು ನಿಂತಿತು. ಮೇಲಿನವರು ಬಂದು, ನೌಕರರಿಂದ ಒಂದೇ ಒಂದು ದೂರಿಲ್ಲ ಅಂತ ಮೆಚ್ಚಿ, ಹೆಚ್ಚಿಗೆ ದೀಪ ಹಾಕಿಸಿಕೊಟ್ಟು ಹೋದರು.

ಎಲ್ಲರಿಗೂ ಸುಖವೇ. ಆದರೆ ದಿನವಿಡೀ ಅಷ್ಟೆಲ್ಲ ಆಗಿ ಮನೆಗೆ ಬಂದವನಿಗೆ "ಹೂಂ" ಅನ್ನೋಕೂ ತ್ರಾಣ ಇರುತ್ತಿರಲಿಲ್ಲ. ಹೆಂಡತಿ ನಮ್ಮ ಮೆಟ್ಟಿಲ ಮೇಲೆ ಕೂತು ಮೂಗು ಒರೆಸಿಕೊಂಡಳು. "ಕಂಡೋರಿಗೆಲ್ಲ ಏನೇನೋ ಆಗ್ತಾರೆ ದೊಡ್ಡಮ್ಮ. ನನಗೆ ಮಾತ್ರ ಏನೂ ಆಗಲ್ಲ."

ನಾನು ತಮಾಷೆಗೆ, "ನೀನೂ ಅಲ್ಲೇ ಕೆಲಸಕ್ಕೆ ಸೇರ್ಕೊಳಮ್ಮ. ಮಾತಾಡಿಸದೆ ಎಲ್ಲಿಗೆ ಹೋಗ್ತಾನೆ?" ಅಂದೆ.

ಸೇರಿಯೇಬಿಟ್ಟಳು. ಮೀಟರಿನ ಗಾಜು ಒರೆಸುವ ಕೆಲಸ. ಮೊದಲ ದಿನ ಮ್ಯಾನೇಜರು ಬಂದು, ಗುರುತು ಪರಿಚಯ ಇಲ್ಲದವನ ಹಾಗೆ ಕೇಳಿದನಂತೆ: "ತಮ್ಮನ್ನ ಯಾರ ಥರ ಮಾತಾಡಿಸಬೇಕು?"

"ಗಂಡನ ಥರ."

ಆತ ಒಂದು ಲೋಟ ನೀರು ಕುಡಿದ. ಇನ್ನೊಂದು ಕುಡಿದ. "ಅದು ನನಗೆ ಅಭ್ಯಾಸ ಇಲ್ವಲ್ಲಮ್ಮ," ಅಂದ.

"ನಿಯಮ ಇದೆ ಸಾರ್," ಅಂದಳು ಈಕೆ.

ನಿಯಮ ಇತ್ತು. ಆತನನ್ನ ತರಬೇತಿಗೆ ಕಳಿಸಿದರು. ಕಲಿಸಿದ ಮೇಷ್ಟ್ರಿಗೆ ಮದುವೆ ಆಗಿಲ್ಲ. ಅದಕ್ಕೇ ಇರಬೇಕು, ಬಹಳ ಚೆನ್ನಾಗಿ ಕಲಿಸಿದ್ದ. ಈಗ ಮ್ಯಾನೇಜರು ದಿನಾ ಅವಳ ಮೇಜಿನ ಹತ್ತಿರ ಸ್ಟೂಲ್ ಎಳೆದುಕೊಂಡು, "ತಿಂದ್ಯಾ? ಮಂಡಿ ನೋವು ಹೇಗಿದೆ? ನಿನ್ನೆ ನಿದ್ದೇಲಿ ಯಾಕೆ ನಕ್ಕೆ?" ಅಂತಾನೆ. ಆಫೀಸಿನ ಕಿಟಕಿಯ ಹತ್ತಿರ ನಿಂತು, ಮೀಟರ್ ರಾಶಿಯ ಸಂದಿಯಿಂದ ನಾನೇ ಕಣ್ಣಾರೆ ನೋಡಿದ್ದೇನೆ. ಅವಳು ಒಂದೇ ಗಾಜನ್ನ ಸಂಜೆವರೆಗೂ ಒರೆಸುತ್ತಾ ಕಿಲಕಿಲ ನಗುತ್ತಾಳೆ. ಮನೆಗೆ ಬಂದರೆ ಇಬ್ಬರೂ ಗಪ್‌ಚುಪ್, ಕೆಲಸದ ವೇಳೆ ಮುಗಿಯಿತಲ್ಲ. ಮನಸ್ತಾಪ ಏನೂ ಇಲ್ಲ. ರಜಾ ದಿನ ಏನಾದರೂ ಮಾತಾಡಬೇಕು ಅನ್ನಿಸಿದರೆ, ಜವಾನನನ್ನ ಕರೆಸಿ ಆಫೀಸಿನ ಬಾಗಿಲು ತೆಗೆಸಿಕೊಳ್ಳುತ್ತಾರೆ. ಹೆಚ್ಚುವರಿ ವೇಳೆಯ ಸಂಬಳ ಇಬ್ಬರಿಗೂ ಉಂಟು.

ನಮ್ಮ ಮೆಟ್ಟಿಲು ಮಾತ್ರ ಬರಿದಾಯಿತು. ಮೊನ್ನೆ ಟೈಪಿಸ್ಟಮ್ಮನ ನಡುವಿನ ಸೊಸೆಯ ಒಂದು ಬಿಸಿಬಿಸಿ ಸಂಗತಿ ಸಿಕ್ಕಿತ್ತು. ಹೊಟ್ಟೆಯಲ್ಲಿ ಇಟ್ಟುಕೊಂಡರೆ ಅಜೀರ್ಣ ಆಗುವಂಥದ್ದು. ಮ್ಯಾನೇಜರ ಹೆಂಡತಿ ಕೆಲಸಕ್ಕೆ ಹೊರಟು ಬೀಗ ಹಾಕುತ್ತಿದ್ದಾಗ ಅಡ್ಡ ನಿಂತು, "ಯಾಕಮ್ಮ, ದೊಡ್ಡಮ್ಮ ಮರೆತೇ ಹೋದಳಾ? ಹಿಂದೆ ನನ್ನ ಮಾತು ಅಂದ್ರೆ ಅಷ್ಟು ಆಸೆಯಿಂದ ಕೇಳ್ತಿದ್ದೆ," ಅಂದೆ.

ಅವಳು ಬೀಗ ಎಳೆದು ನೋಡಿ, ಬೀಗದಕೈ ಚೀಲಕ್ಕೆ ಹಾಕಿಕೊಂಡು, ಮುಖಕ್ಕೆ ಮುಖ ಕೊಟ್ಟು ನಗುನಗುತ್ತಲೇ ಅಂದಳು: "ಅಯ್ಯೋ, ಎಲ್ಲಿ ಕೇಳ್ತಿದ್ದೆ ದೊಡ್ಡಮ್ಮ? ಅವರು ಮಾತಾಡ್ತಿರಲಿಲ್ಲ, ಅದಕ್ಕೆ ನಿಮ್ಮ ಹತ್ರ ಬಂದು ಕೂರ್ತಿದ್ದೆ ಅಷ್ಟೇ. ಸ್ವಲ್ಪ ಜರುಗಿ, ನನಗೆ ಹೊತ್ತಾಯ್ತು."