ಮಾವನಿಗೆ ಸೊಪ್ಪು ಹಾಕಿದ್ದು

"ಇವತ್ತು ಅಡುಗೆಮನೆ ನನ್ನದು. ನೀನು ಒಳಗೆ ಕಾಲಿಡಕೂಡದು!" ಎಂದು ಭಾನುವಾರ ಬೆಳಗ್ಗೆ ಹೆಂಡತಿ ಸುನಂದಳೆದುರು ಘೋಷಿಸಿದಾಗ ನನ್ನ ಎದೆ ಅಂತರಗಂಗೆ ಬೆಟ್ಟದಷ್ಟು ಉಬ್ಬಿತ್ತು.

ಕಾರಣ ಗಹನವಾದದ್ದೇ. ಶ್ರೀನಿವಾಸಪುರದ ಕಡೆಯ ನನ್ನ ಮಾವ ಗಂಗುಲಪ್ಪನವರು ಸಕ್ಕರೆ ಕಾಯಿಲೆ ತೋರಿಸಲು ಮಾಲೂರಿನ ನಮ್ಮ ಮನೆಗೆ ಬಂದಿದ್ದರು. "ಎಣ್ಣೆ ಕಡಿಮೆ ಮಾಡಿ, ಸೊಪ್ಪು ಜಾಸ್ತಿ ತಿನ್ನಿ" ಎಂದ ಡಾಕ್ಟರ ಮಾತಿಗೆ ಅವರು ಸೊಪ್ಪೇ ಹಾಕಿರಲಿಲ್ಲ! ಮಗಳು ಬೇಯಿಸಿಟ್ಟ ಸಪ್ಪೆ ಪಲ್ಯವನ್ನು ತಟ್ಟೆಯಂಚಿಗೆ ತಳ್ಳಿ, "ಇದು ದನಕ್ಕೆ ಹಾಕೋದು ಕಣಮ್ಮ. ನಾನು ಸಾಯಂಕಾಲ ಬಸ್ಸಿಗೆ ಊರಿಗೆ ಹೋಗ್ತೀನಿ" ಎಂದುಬಿಟ್ಟಿದ್ದರು. ಮರುದಿನವೇ ರಕ್ತಪರೀಕ್ಷೆ. ಈಗ ತಪ್ಪಿಸಿಕೊಂಡರೆ ಮತ್ತೆ ಅವರನ್ನು ಹಿಡಿದು ತರುವುದು ಯಾರಿಂದಲೂ ಆಗದ ಕೆಲಸ. ಸುನಂದಳ ಕಣ್ಣಲ್ಲಿ ನೀರು ನಿಂತಿತ್ತು.

"ಹುರಿದ ಸೊಪ್ಪು ಕಣೇ! ಒಂದೇ ಚಮಚ ಎಣ್ಣೆ, ಕುರುಕುರು ಅಂತ ಇರತ್ತೆ. ನಿಮ್ಮಪ್ಪ ಕೇಳಿ ಕೇಳಿ ಹಾಕಿಸ್ಕೋತಾರೆ."

"ರೀ, ನೀವು ಹಾಲು ಕಾಯ್ಸಿದ್ರೇ ಉಕ್ಕಿ ಹರಿದು ಸ್ಟವ್ ಕಣ್ಣಿಗೆ ಕಾಣಲ್ಲ..."

ನಾನು ಕೇಳಿಸಿಕೊಳ್ಳಲಿಲ್ಲ. ನರಸಾಪುರದ ನಮ್ಮ ಕಾರ್ಖಾನೆಯ ವಾರ್ಷಿಕೋತ್ಸವದ ಲಾಟರಿಯಲ್ಲಿ ಗೆದ್ದ, ಬಿಸಿಗಾಳಿಯಲ್ಲೇ ಹುರಿಯುವ ಏರ್ ಫ್ರೈಯರ್ ಅನ್ನು ಮೇಜಿನ ಮೇಲೆ ಪ್ರತಿಷ್ಠಾಪಿಸಿದೆ. ದಂಟಿನ ಸೊಪ್ಪನ್ನು ತೊಳೆದು, ಒರೆಸಿ, ಉಪ್ಪು ಖಾರ ಸವರಿ, ಬುಟ್ಟಿಗೆ ತುಂಬಿ ಗುಂಡಿ ಒತ್ತಿದೆ.

ಆಹಾ! ಗಾಜಿನ ಕಿಂಡಿಯೊಳಗೆ ದೀಪ ಬೆಳಗಿತು. ಬಿಸಿಗಾಳಿ ಬೀಸಿತು. ಎಲೆಗಳು ಒಂದೊಂದಾಗಿ ಎದ್ದು ನಿಂತವು, ಹಾರಿದವು, ಗಿರಗಿರನೆ ಸುತ್ತತೊಡಗಿದವು! ಮಾವ ಕುರ್ಚಿ ಎಳೆದುಕೊಂಡು ಬಂದು ಕಿಂಡಿಗೆ ಮೂಗು ಹಚ್ಚಿದರು.

"ಇದೇಮಯ್ಯಾ ಇದಿ! ಏನಿದು ಮಾಯೆ! ಜನ್ಮವೆಲ್ಲಾ ಸೊಪ್ಪು ಬೆಳ್ದೆ, ಕುಣಿಯೋ ಸೊಪ್ಪು ನೋಡಿರ್ಲಿಲ್ಲ. ಬೆಂಕಿ ಇಲ್ಲ, ಹೊಗೆ ಇಲ್ಲ!"

ಹೊಗೆ ಇಲ್ಲ ಎಂದದ್ದೇ ತಡ, ಹೊಗೆ ಬಂತು. ಹಾರಿದ ಎಲೆಗಳು ಮೇಲಿನ ಕೆಂಪು ಕಾಯಿಲ್‌ಗೆ ಅಂಟಿಕೊಂಡಿದ್ದವು. ಗಾಬರಿಯಲ್ಲಿ ಬುಟ್ಟಿ ಹೊರಗೆಳೆದೆ. ಹೊಗೆ ಹೋಗಲೆಂದು ಫ್ಯಾನ್ ಹಾಕಿದೆ. ಅದೂ ಪೂರ್ತಿ ಜೋರಾಗಿ!

ಬುಟ್ಟಿಯಲ್ಲಿದ್ದದ್ದೆಲ್ಲ ಆಕಾಶಕ್ಕೆದ್ದಿತು. ಕರಿ ಚಿಟ್ಟೆಗಳ ದಂಡು! ಮೊಸರಿನ ಪಾತ್ರೆಯಲ್ಲಿ, ಒಗೆದು ಮಡಿಸಿಟ್ಟ ಸೀರೆಗಳ ಮೇಲೆ, ಮಾವನ ಬಿಳಿ ಮೀಸೆಯ ಮೇಲೆ ಬಂದು ಕೂತವು. ಬಿಳಿ ಮೀಸೆ ಕ್ಷಣದಲ್ಲಿ ಯೌವನಕ್ಕೆ ಬಂತು.

"ಏನ್ರೀ ಇದು!" ಬಾಗಿಲಲ್ಲಿ ಸುನಂದ.

"ಅದು... ಸ್ವಲ್ಪ ಹಗುರವಾದ ಅಡುಗೆ."

"ಹಗುರ ಅಂದ್ರೆ ಚಾವಣಿಗೆ ಹಾರೋಷ್ಟಾ? ಅಷ್ಟೊಂದು ಸೊಪ್ಪು ಎಲ್ಲಿ?"

ನಿಜಕ್ಕೂ ಎಲ್ಲಿ? ಎರಡು ತೋಳು ತುಂಬ ತಂದ ಸೊಪ್ಪು, ಬುಟ್ಟಿಯ ತಳದಲ್ಲಿ ಒಂದು ಹಿಡಿ ಕಪ್ಪು ಪುಡಿಯಾಗಿ ಕೂತಿತ್ತು. ನಾನೇ ಬೆರಗಾಗಿ ಅದನ್ನೇ ನೋಡುತ್ತ ನಿಂತೆ.

"ಇಲ್ಲಿ ಕೊಡಿ ಅಳಿಯಂದ್ರೇ" ಎಂದು ಮಾವ ಕೈ ಚಾಚಿದರು. ಬೇಡವೆನ್ನುವಷ್ಟರಲ್ಲಿ ಪುಡಿ ಬಾಯಿಗೆ ಬಿದ್ದಿತ್ತು. ಮುಖ ಕಿವುಚಿತು. ಕಣ್ಣು ಮುಚ್ಚಿದವು. ಆದರೂ ಒಂದು ಚೂರೂ ಬಿಡದೆ ನುಂಗಿ, ನೀರು ಕುಡಿದು, ಅವರು ಆ ಯಂತ್ರಕ್ಕೆ ಕೈಮುಗಿದರು.

"ನಾನು ಊರಿಗೆ ಹೋಗಲ್ಲಮ್ಮ. ನಾಳೆ ರಕ್ತಾನೂ ಕೊಡ್ತೀನಿ."

ಸುನಂದ ಬಾಯಿ ತೆರೆದು ನನ್ನತ್ತ ನೋಡಿದಳು. ಮದುವೆಯಾದಾಗಿನಿಂದ ಅಂಥ ಗೌರವದ ನೋಟ ಕಂಡವನಲ್ಲ ನಾನು! ಕಾಲರ್ ಸರಿಮಾಡಿಕೊಂಡು, "ರುಚಿ ಹೇಗಿತ್ತು ಮಾವಾ?" ಎಂದೆ.

"ರುಚಿನಾ?" ಮಾವ ಮೀಸೆ ಒರೆಸಿಕೊಂಡರು. "ಇಷ್ಟು ಕಹಿ ಐತೆ ಅಂದ್ರೆ ಯಾವ ಕಾಯಿಲೆನೂ ತಡ್ಯಲ್ಲ ಬಿಡಿ! ಸುನಂದಮ್ಮಾ, ಔಷಧಿ ಆಯ್ತು. ಇನ್ನ ಊಟಕ್ಕೆ ಏನಾದ್ರೂ ಮಾಡಮ್ಮ."